ನಾಲ್ಕನೇ ಮಹಡಿಯ ಮುಖ

ನಮ್ಮ ಕಟ್ಟಡದ ಲಿಫ್ಟ್ ನೋಡಿಕೊಳ್ಳುವ ಮೆಕ್ಯಾನಿಕ್‌ಗೆ ‘ಹೂಂ ಮಾಮ’ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಇಪ್ಪತ್ತಾರು ವರ್ಷಗಳಿಂದ ಅವರು ಈ ಬೀದಿಯ ಹನ್ನೊಂದು ಕಟ್ಟಡಗಳ ಲಿಫ್ಟ್‌ಗಳನ್ನು ನೋಡಿಕೊಳ್ಳುತ್ತಿದ್ದಾರೆ. ಲಿಫ್ಟ್ ಸರಿಹೋಯಿತಾ ಎಂದು ಕೇಳಿದರೆ ಹೂಂ. ಇನ್ನೂ ಕೆಟ್ಟೇ ಇದೆಯಾ ಎಂದರೂ ಹೂಂ. ಈ ಎರಡು ಹೂಂಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇದೆಯಂತೆ. ಅದನ್ನು ಪತ್ತೆಮಾಡಲು ಕಟ್ಟಿಕೊಂಡ ಹೆಂಡತಿಗೇ ನಾಲ್ಕು ವರ್ಷ ಹಿಡಿಯಿತಂತೆ.

ಮುಖವೂ ಮಾತಿಗೆ ತಕ್ಕ ಹಾಗೆಯೇ ಇದೆ. ಉದ್ದ ಮುಖ, ಇಳಿಬಿದ್ದ ಮೀಸೆ, ಅರ್ಧ ಮುಚ್ಚಿದ ರೆಪ್ಪೆ. ಈಗಷ್ಟೇ ಒಂದು ಕೆಟ್ಟ ಸುದ್ದಿ ಕೇಳಿ ‘ನನಗೆ ಮೊದಲೇ ಗೊತ್ತಿತ್ತು’ ಅಂದುಕೊಂಡವರ ಹಾಗೆ ಯಾವಾಗಲೂ ಕಾಣುತ್ತಾರೆ. ಮಗಳು ಹುಟ್ಟಿದ ದಿನ ಮಗುವಿನ ಮುಖ ನೋಡಿ ಹೊರಗೆ ಬಂದ ಅವರನ್ನು ಕಂಡು ನರ್ಸ್ ಒಬ್ಬಳು ಗಾಬರಿಯಾಗಿ ಒಳಗೋಡಿ ಮಗು ಉಸಿರಾಡುತ್ತಿದೆಯಾ ಎಂದು ನೋಡಿ ಬಂದಳಂತೆ. ಮಗು ಚೆನ್ನಾಗಿಯೇ ಉಸಿರಾಡುತ್ತಿತ್ತು. ತಂದೆ ಪರಮ ಸಂತೋಷದಲ್ಲಿದ್ದರು, ಅಷ್ಟೇ.

ಇಲ್ಲಿ ಹೇಳುವುದರಲ್ಲಿ ಅರ್ಧ ನಾನೇ ಕಂಡದ್ದು. ಅದೇ ಕಟ್ಟಡದ ಐದನೇ ಮಹಡಿಯಲ್ಲಿರುವ ಅಚ್ಚಿನ ಕಚೇರಿಯಲ್ಲಿ ನಾನು ಕರಡು ತಿದ್ದುತ್ತೇನೆ. ಉಳಿದರ್ಧ ಅವರ ಹೆಂಡತಿ ಹೇಳಿದ್ದು. ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಾರೆ. ಗಂಡ ಆಡದೆ ಉಳಿಸಿದ ಮಾತನ್ನೆಲ್ಲ ಅಲ್ಲಿ ಕೂತು ಖರ್ಚು ಮಾಡುತ್ತಾರೆ.

ಮೊಬೈಲ್ ಕೈಗೆ ಬಂದ ಮೇಲೆ ಹೂಂ ಮಾಮನಿಗೆ ಒಂದು ಅನುಕೂಲವಾಯಿತು. ಹೂಂ ಅನ್ನುವ ಶ್ರಮವೂ ತಪ್ಪಿತು. ಎತ್ತಿದ ಹೆಬ್ಬೆರಳಿನ ಚಿತ್ರ ಒತ್ತಿದರೆ ಆಯಿತು. ‘ಎರಡನೇ ಕಟ್ಟಡದ ಲಿಫ್ಟ್ ಬಾಗಿಲು ಮುಚ್ಚುತ್ತಿಲ್ಲ’ ಎಂದು ಬಂದರೆ ಹೆಬ್ಬೆರಳು. ‘ಬರುವಾಗ ಹಾಲು ತನ್ನಿ’ ಎಂದು ಹೆಂಡತಿ ಕಳಿಸಿದರೆ ಹೆಬ್ಬೆರಳು. ‘ನನಗೆ ನೂರಮೂರು ಜ್ವರ’ ಎಂದು ಆಕೆ ಕಳಿಸಿದಾಗಲೂ ಹೆಬ್ಬೆರಳೇ ಬಂತು. ಆ ಒಂದು ಬೆರಳಿಗಾಗಿ ಮನೆಯಲ್ಲಿ ಮೂರು ದಿನ ಮಾತು ನಿಂತಿತು. ಮಾತು ನಿಂತದ್ದು ಹೂಂ ಮಾಮನ ಗಮನಕ್ಕೆ ಬಂದದ್ದು ಮೂರನೇ ದಿನ.

ಕಥೆ ಶುರುವಾದದ್ದು ಒಂದು ಸೋಮವಾರ ಬೆಳಿಗ್ಗೆ. ನಮ್ಮ ಲಿಫ್ಟ್ ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಗಕ್ಕನೆ ನಿಂತಿತು. ಒಳಗಿದ್ದದ್ದು ಪರೀಕ್ಷೆಗೆಂದು ಹತ್ತಿದ್ದ ಹೂಂ ಮಾಮ ಒಬ್ಬರೇ. ಅವರು ಒಳಬಾಗಿಲು ಸರಿಸಿ, ಕೈ ಮೇಲೆತ್ತಿ ಹೊರಬಾಗಿಲಿನ ಚಿಲಕ ಬಿಡಿಸಿ, ಎರಡು ಗೇಣು ತೆರೆದರು. ನಾಲ್ಕನೇ ಮಹಡಿಯ ನೆಲದ ಮಟ್ಟಕ್ಕೆ ಸರಿಯಾಗಿ ಅವರ ತಲೆ ಕಾಣಿಸಿತು. ಗದ್ದ ನೆಲಕ್ಕೆ ತಾಗಿತ್ತು, ಹಣೆಯ ಮೇಲೆ ಗ್ರೀಸಿನ ಪಟ್ಟೆ, ಮುಖ ಮಾತ್ರ ಎಂದಿನದೇ.

ಎದುರಿಗೇ ಹಲ್ಲಿನ ಡಾಕ್ಟರ ಕ್ಲಿನಿಕ್. ಅಲ್ಲಿನ ರಿಸೆಪ್ಶನ್ ಹುಡುಗಿ ಸದ್ದು ಕೇಳಿ ಹೊರಗೆ ಬಂದಳು.

“ಅಂಕಲ್, ಲಿಫ್ಟ್ ಕೆಟ್ಟಿದೆಯಾ?”

“ಹೂಂ.”

ಆಕೆಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಹಲ್ಲುನೋವಿನವರು ಮೆಟ್ಟಿಲು ಹತ್ತಿಯೇ ಬರಬೇಕು ಎಂದು ತಿಳಿಸಲು ಒಂದು ಫೋಟೋ ತೆಗೆದು ಕಟ್ಟಡದ ಗ್ರೂಪಿಗೆ ಹಾಕಿದಳು. ಆರನೇ ಮಹಡಿಯಲ್ಲಿ ಜಾಹೀರಾತು ಚಿತ್ರ ಮಾಡುವ ಹುಡುಗರ ಒಂದು ಕಚೇರಿ ಇದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಆ ಫೋಟೋದಿಂದ ತಲೆಯನ್ನೂ ಬಾಗಿಲಿನ ಸಂದನ್ನೂ ಚೊಕ್ಕವಾಗಿ ಕತ್ತರಿಸಿ ಸ್ಟಿಕರ್ ಮಾಡಿದರು. ಸಂಜೆ ನಾವೆಲ್ಲ ಮನೆ ಸೇರುವಷ್ಟರಲ್ಲಿ ಹೂಂ ಮಾಮನ ಮುಖ ಬೀದಿ ದಾಟಿ ಹೋಗಿತ್ತು.

ನಾನೇನು ಸಾಚಾ ಅಲ್ಲ. ‘ಭಾನುವಾರ ಕೆಲಸಕ್ಕೆ ಯಾರು ಬರುತ್ತೀರಿ?’ ಎಂದು ನಮ್ಮ ಮಾಲೀಕರು ಕೇಳಿದಾಗ ಮೊದಲು ಅದನ್ನು ಕಳಿಸಿದವನು ನಾನೇ. ಇದ್ದೇನೆ, ಆದರೆ ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂಬರ್ಥದಲ್ಲಿ. ಆರನೇ ಮಹಡಿಯ ಹುಡುಗರಿಗೂ ಅದು ಹೆಚ್ಚುಕಡಿಮೆ ಅದೇ ಅರ್ಥ. ಆದರೆ ಮುಖ ಮಹಡಿಯಿಂದ ಮಹಡಿಗೆ, ಗ್ರೂಪಿನಿಂದ ಗ್ರೂಪಿಗೆ ಹೋಗುತ್ತಾ ಬೇರೆ ಬೇರೆ ಉದ್ಯೋಗಕ್ಕೆ ಸೇರಿಕೊಂಡಿತು. ಎರಡನೇ ಮಹಡಿಯ ವಕೀಲರ ಕಚೇರಿಯಲ್ಲಿ ‘ಹಿರಿಯ ವಕೀಲರು ಬರುತ್ತಿದ್ದಾರೆ, ಹುಷಾರು’ ಎಂಬ ಸೂಚನೆಯಾಯಿತು. ವಾಹನ ಕಲಿಸುವ ಶಾಲೆಯವರು ಪರೀಕ್ಷೆಯಲ್ಲಿ ಫೇಲಾದವರಿಗೆ ಕಳಿಸತೊಡಗಿದರು. ಹೊಸದಾಗಿ ಮಗುವಾದ ಒಬ್ಬ ಗುಮಾಸ್ತ ‘ನಿದ್ದೆ ಇಲ್ಲ’ ಎಂದು ತಿಳಿಸಲು ದಿನಾ ಬೆಳಿಗ್ಗೆ ಹಾಕುತ್ತಿದ್ದ.

ಸ್ವತಃ ಹೂಂ ಮಾಮನಿಗೆ ವಿಷಯ ಗೊತ್ತಾದದ್ದು ಎಲ್ಲರಿಗಿಂತ ಕೊನೆಗೆ. ಪಕ್ಕದ ಬೀದಿಯ ಬೇಕರಿಯಲ್ಲಿ ಬ್ರೆಡ್ ಕಟ್ಟಿಕೊಡುವ ಹೆಂಗಸು ಅವರನ್ನೊಮ್ಮೆ, ಫೋನನ್ನೊಮ್ಮೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವರು ಮೀಸೆಗೆ ಏನೋ ಅಂಟಿದೆ ಎಂದುಕೊಂಡು ಒರೆಸಿಕೊಂಡು ಬಂದರು. ಮಾರನೆಯ ದಿನ ಹೆಂಡತಿಯ ತಮ್ಮ ಫೋನ್ ಮಾಡಿದ. ಅವನು ಒಂದು ಶಾಲೆಯಲ್ಲಿ ಮೇಷ್ಟ್ರು.

“ಭಾವ, ನಮ್ಮ ಶಾಲೆಯ ಹಳೇ ಡ್ರಾಯಿಂಗ್ ಮೇಷ್ಟ್ರು ನಿಮಗೆ ಪರಿಚಯ ಇದ್ರಾ?”

“ಊಹೂಂ.”

“ಮತ್ತೆ ಅವರು ತೀರಿಕೊಂಡ್ರು ಅಂತ ಹಾಕಿದ್ರೆ, ಅದರ ಕೆಳಗೆ ನೀವು ಹದಿನೈದು ಸಲ ಬಂದಿದ್ದೀರಲ್ಲ.”

ಶಾಲೆಯ ಗ್ರೂಪಿನಲ್ಲಿದ್ದ ನಿವೃತ್ತ ಮೇಷ್ಟ್ರುಗಳು ಆ ಮುಖವನ್ನು ನೋಡಿ ಅದು ದುಃಖಕ್ಕೆಂದೇ ಮಾಡಿದ ಚಿತ್ರ ಎಂದುಕೊಂಡಿದ್ದರು. ಅವರ ಕಣ್ಣಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ಭೂಮಿಗೆ ಅರ್ಧ ಇಳಿದ ಮನುಷ್ಯ, ಮುಖದ ತುಂಬ ವ್ಯಥೆ. ಹೂವಿನ ಚಿತ್ರಕ್ಕಿಂತ ಇದೇ ಗಂಭೀರ ಎಂದು ಅವರಿಗೆ ಅನ್ನಿಸಿತ್ತು.

ಅಂದು ಸಂಜೆ ಹೂಂ ಮಾಮ ಊಟದ ಮೇಜಿನ ಮೇಲೆ ಫೋನ್ ಇಟ್ಟು, ಮಗಳ ಕಡೆ ತಿರುಗಿಸಿದರು. ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ.

“ಇದು ನಾನು,” ಅಂದರು.

“ಹೂಂ ಅಪ್ಪ,” ಅಂದಳು ಅವಳು.

ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಅಲ್ಲಿಂದಲೇ ಹೇಳಿದರು. “ನಮ್ಮ ಅಂಚೆ ಕಚೇರಿ ಹೆಂಗಸರ ಗ್ರೂಪಲ್ಲೂ ಇದ್ದೀರಿ ರೀ. ಯಾರಾದ್ರೂ ಅವರ ಅತ್ತೆ ಬಗ್ಗೆ ಚಾಡಿ ಬರೆದ್ರೆ, ಕೆಳಗೆ ನೀವು ಇಣುಕ್ತೀರ.”

“ಯಾಕೆ?”

“ಎಲ್ಲಾ ಕೇಳಿಸ್ಕೊಂಡೆ ಅಂತ.”

“ನಾನು ಯಾರ ಅತ್ತೆ ವಿಷಯನೂ ಕೇಳಿಸ್ಕೊಂಡಿಲ್ಲ,” ಅಂದರು ಹೂಂ ಮಾಮ. ಆ ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಆಮೇಲೆ ಹೆಂಡತಿಯ ಕಡೆ ತಿರುಗಿ ಕೇಳಿದರು. “ನೀನೂ ಕಳಿಸ್ತೀಯಾ?”

“ಒಂದೆರಡು ಸಲ,” ಅಂದರು ಹೆಂಡತಿ. ತಟ್ಟೆಯೊಂದನ್ನು ಎರಡು ಸಲ ತೊಳೆದು, “ದಿನಕ್ಕೆ,” ಎಂದು ಸೇರಿಸಿದರು.

ಮರುದಿನ ಅವರು ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಕ್ಲಿನಿಕ್‌ನ ಮೇಜಿನ ಮುಂದೆ ನಿಂತರು. ನಾನೂ ಅಲ್ಲೇ ದವಡೆ ಹಿಡಿದುಕೊಂಡು ಕೂತಿದ್ದೆ. ಹುಡುಗಿಗೆ ಅವರು ಬಾಯಿ ತೆರೆಯುವ ಮೊದಲೇ ಅರ್ಥವಾಯಿತು. ಕಿವಿಯವರೆಗೆ ಕೆಂಪಾದಳು.

“ಸಾರಿ ಅಂಕಲ್. ನಾನು ಫೋಟೋ ಮಾತ್ರ ಹಾಕಿದ್ದು. ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ.”

“ತೆಗೀಬಹುದಾ?”

“ನನ್ನ ಫೋನಿಂದ ತೆಗೀಬಹುದು ಅಂಕಲ್. ನನ್ನ ಚಿಕ್ಕಮ್ಮ ಬೇರೆ ಊರಲ್ಲಿದ್ದಾರೆ, ನಿನ್ನೆ ಅವರೇ ನನಗೆ ಕಳಿಸಿದ್ರು. ಯಾರೋ ದೊಡ್ಡ ಹಾಸ್ಯನಟ ಅಂದ್ಕೊಂಡಿದ್ದಾರೆ.”

ಹೂಂ ಮಾಮ ಅದನ್ನು ಸ್ವಲ್ಪ ಯೋಚಿಸಿದರು. ಒಳಗಿನ ಕುರ್ಚಿಯಿಂದ ಡಾಕ್ಟರು ಕತ್ತು ಹೊರಗೆ ಹಾಕಿ, “ಮುಖ ಹೋದರೆ ಹೋಗಲಿ ಮಾರಾಯ್ರೇ, ಲಿಫ್ಟ್ ಯಾವಾಗ ಬರುತ್ತೆ ಹೇಳಿ,” ಅಂದರು. “ಮೆಟ್ಟಿಲು ಹತ್ತುವಷ್ಟರಲ್ಲಿ ಪೇಷಂಟುಗಳಿಗೆ ಹಲ್ಲುನೋವು ಮರೆತು ಎದೆನೋವು ಶುರುವಾಗಿರುತ್ತೆ.”

ಡಾಕ್ಟರು ಕೇಳಿದ್ದು ನ್ಯಾಯವೇ. ಲಿಫ್ಟ್ ನಿಂತು ಆಗಲೇ ಮೂರು ವಾರ. ಕೆಟ್ಟದ್ದು ಮೋಟರಿನ ಪಕ್ಕದ ಒಂದು ಕಂಚಿನ ಹಲ್ಲುಚಕ್ರ. ನಮ್ಮದು ಹಳೆಯ ಕಾಲದ ವಿದೇಶಿ ಲಿಫ್ಟ್. ಆ ಚಕ್ರವನ್ನು ಈಗ ಮಾಡುವುದು ಜಗತ್ತಿನಲ್ಲಿ ಒಂದೇ ಕಾರ್ಖಾನೆಯಂತೆ, ಅದೂ ಸಮುದ್ರದಾಚೆ. ಅಲ್ಲಿ ಬಿಡಿಭಾಗ ನೋಡಿಕೊಳ್ಳುವ ಒಬ್ಬ ಹಿರಿಯ ಎಂಜಿನಿಯರ್. ಅವರಿಗೆ ನಮ್ಮ ಭಾಷೆ ಬಾರದು, ಇವರಿಗೆ ಅವರದು ಬಾರದು, ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೇ. ಮೊದಲ ವಾರ ಮಗಳು ಫೋನಿಗೆ ಅನುವಾದದ ಆ್ಯಪ್ ಹಾಕಿಕೊಟ್ಟಿದ್ದಳು. ‘ಎಂಟು ಹಲ್ಲು ಸವೆದಿವೆ, ಎರಡು ಮುರಿದಿವೆ’ ಎಂದು ಹೂಂ ಮಾಮ ಹೇಳಿದ್ದು ಅಲ್ಲಿಗೆ ಏನಾಗಿ ತಲುಪಿತೋ, ಎಂಜಿನಿಯರ್ ಬಿಸಿ ಉಪ್ಪುನೀರು ಮುಕ್ಕಳಿಸಲು ಹೇಳಿ ಬೇಗ ಗುಣವಾಗಲೆಂದು ಹಾರೈಸಿದರು. ಅಂದಿನಿಂದ ಆ್ಯಪ್ ಬಿಟ್ಟು ಇಬ್ಬರೂ ಫೋಟೋ, ಅಳತೆ, ಭಾಗದ ನಂಬರುಗಳಲ್ಲೇ ಮಾತಾಡುತ್ತಿದ್ದರು.

ಶುರುವಿನಲ್ಲಿ ಎಂಜಿನಿಯರ್ ಚುರುಕಾಗಿಯೇ ಇದ್ದರು. ಚಕ್ರದ ಫೋಟೋ ಕಳಿಸಿ ಇದೇನಾ ಎಂದು ಕೇಳಿದರು. ಆಮೇಲೆ ಅಳತೆ ಕೇಳಿದರು. ಆಮೇಲೆ ಅದೇನೋ ಆಗಿ ಉತ್ತರಗಳು ಗಿಡ್ಡವಾದವು. ಒಂದು ದಿನ ಬರೀ ಒಂದು ಚುಕ್ಕೆ ಬಂತು. ಬಳಿಕ ಒಂಬತ್ತು ದಿನ ಏನೂ ಇಲ್ಲ.

“ಏನಾಯ್ತು ಅಂತ ಕೇಳಿದ್ರಾ?” ಎಂದಳು ಮಗಳು, ಅಂದು ಸಂಜೆ ಮನೆಯಲ್ಲಿ.

“ಹೂಂ. ದಿನಾ ಕೇಳಿದೆ.”

ಅವಳು ಫೋನ್ ಈಸಿಕೊಂಡು ಸಂದೇಶಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದಳು. ಕೇಳಿದ್ದು ಎಂದರೆ ಹೆಬ್ಬೆರಳು. ಒಪ್ಪಿದ್ದೂ ಹೆಬ್ಬೆರಳು. ಚುಕ್ಕೆಗೆ ಉತ್ತರವಾಗಿ ಎರಡು ಹೆಬ್ಬೆರಳು, ಜಾಸ್ತಿ ಮರ್ಯಾದೆಗೆ. ಅವಳ ತರಗತಿಯಲ್ಲಿ ಆ ಎಂಜಿನಿಯರರ ದೇಶದಿಂದಲೇ ಬಂದು ಓದುವ ಒಬ್ಬಳು ಇದ್ದಳು. ಆ ಗೆಳತಿಗೆ ಫೋನ್ ಮಾಡಿ ಐದು ನಿಮಿಷ ಮಾತಾಡಿ, ಮಗಳು ಕೋಣೆಯಿಂದ ಹೊರಗೆ ಬಂದಾಗ ಮುಖ ಗಂಭೀರವಾಗಿತ್ತು.

“ಅಪ್ಪ, ನೀವು ಅವರಿಗೆ ಇಪ್ಪತ್ತಮೂರು ಸಲ ಬೈದಿದ್ದೀರ.”

“ನಾನಾ?”

“ಆ ಊರಲ್ಲಿ ಹೆಬ್ಬೆರಳು ಎತ್ತಿ ತೋರಿಸೋದು ಕೆಟ್ಟದ್ದಂತೆ. ಈಗಿನ ಹುಡುಗರು ತಲೆ ಕೆಡಿಸ್ಕೊಳ್ಳಲ್ವಂತೆ, ಫೋನಲ್ಲಿ ಅವರೂ ಹಾಕ್ತಾರಂತೆ. ಆದ್ರೆ ವಯಸ್ಸಾದವರಿಗೆ ಮೈ ಉರಿಯುತ್ತಂತೆ. ಅವರಿಗೆಷ್ಟು ವಯಸ್ಸು?”

“ಅರವತ್ತರ ಹತ್ರ.”

“ಅರ್ಥ ಏನೇ ಅದಕ್ಕೆ?” ಎಂದು ಹೆಂಡತಿ ಅಡುಗೆಮನೆಯಿಂದ ಬಂದರು. ಮಗಳು ತಾಯಿಯ ಕಿವಿಯಲ್ಲಿ ಹೇಳಿದಳು. ಹೆಂಡತಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. “ಅಯ್ಯೋ ಶಿವನೇ. ನನಗೆ ಜ್ವರ ಬಂದಾಗ ನೀವು ಇದನ್ನಾ ಕಳಿಸಿದ್ದು?”

“ನಮ್ಮಲ್ಲಿ ಅದಕ್ಕೆ ಹಂಗೆ ಅರ್ಥ ಇಲ್ಲಮ್ಮ,” ಅಂದಳು ಮಗಳು.

“ನಿಮ್ಮಪ್ಪನ ಮನಸ್ಸಲ್ಲಿ ಏನಿತ್ತೋ ಯಾರಿಗೆ ಗೊತ್ತು.”

ಹೂಂ ಮಾಮ ತಲೆತಗ್ಗಿಸಿ ತಮ್ಮ ಹೆಬ್ಬೆರಳನ್ನೇ ನೋಡುತ್ತಾ ಕೂತರು. ಇಪ್ಪತ್ತಾರು ವರ್ಷದಲ್ಲಿ ಯಾರಿಗೂ ಎದುರಾಡದ ಮನುಷ್ಯ. ಬಾಗಿಲಿಗೆ ಕಾಲು ಕೊಟ್ಟು ಸೆನ್ಸರ್ ಹಾಳುಮಾಡಿದವರಿಗೂ ಒಂದು ಮಾತು ಅಂದವರಲ್ಲ. ಅಂಥವರು ಪರದೇಶದ ಹಿರಿಯರೊಬ್ಬರಿಗೆ, ಅದೂ ತಮ್ಮದೇ ಕಸುಬಿನವರಿಗೆ, ದಿನಕ್ಕೆ ಎರಡು ಸಲ ಹೊಲಸು ಬೈದಿದ್ದರು. ಆ ಸಂಜೆ ಅವರು ಸರಿಯಾಗಿ ಊಟ ಮಾಡಲಿಲ್ಲವಂತೆ. “ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ್ರು. ನನಗೂ ಸಂಕಟ ಆಯ್ತು,” ಎಂದು ಹೆಂಡತಿ ನನಗೆ ಹೇಳುವಾಗ ಸ್ಟ್ಯಾಂಪ್ ಅಂಟಿಸುವುದನ್ನು ನಿಲ್ಲಿಸಿದ್ದರು.

ಕ್ಷಮೆ ಕೇಳಬೇಕು ಎಂದಾಯಿತು. ಹೇಗೆ ಎಂಬುದು ಮಾತ್ರ ತಿಳಿಯಲಿಲ್ಲ. ಆ್ಯಪ್‌ನ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ‘ಕ್ಷಮಿಸಿ’ ಎಂಬುದನ್ನು ಅದು ಇನ್ನಾವ ಮುಕ್ಕಳಿಸುವಿಕೆ ಮಾಡೀತೋ ಎಂಬ ಭಯ. ಮೂವರೂ ಸೋಫಾದ ಮೇಲೆ ಸಾಲಾಗಿ ಕೂತು ಚಿತ್ರ ಹುಡುಕಿದರು.

“ಕೈ ಜೋಡಿಸಿರೋದು ಕಳ್ಸಿ,” ಅಂದರು ಹೆಂಡತಿ.

“ಅದನ್ನ ಇಬ್ಬರು ಅಂಗೈ ಅಂಗೈ ತಟ್ಟಿ ಖುಷಿಪಡ್ತಿದ್ದಾರೆ ಅಂದ್ಕೊಳ್ಳೋರೂ ಇದ್ದಾರಮ್ಮ. ಬೈದು ಖುಷಿಪಟ್ಟ ಹಾಗಾಗುತ್ತೆ.”

“ಗುಲಾಬಿ?”

“ಅರವತ್ತು ವರ್ಷದವರಿಗೆ?”

“ಸಣ್ಣಗೆ ನಗೋ ಮುಖ?”

“ಬೇಡಪ್ಪ. ಕೆಲವು ಕಡೆ ಅದು ವ್ಯಂಗ್ಯ. ನಮ್ಮ ಕ್ಲಾಸಲ್ಲೇ ಅದು ಜಗಳದ ಕೊನೆಗೆ ಹಾಕೋದು.”

“ಅಳೋದು?”

“ಯಾವ ಅಳು? ಇದರಲ್ಲಿ ನಗುವಿನ ಅಳುನೇ ಎರಡಿದೆ.”

ಹೂಂ ಮಾಮ ಇದನ್ನೆಲ್ಲ ಕೇಳುತ್ತಾ ಬೆರಳಿನಿಂದ ಪರದೆ ಸರಿಸುತ್ತಲೇ ಇದ್ದರು. ಕೇಬಲ್ ಹಿಡಿದು ದಪ್ಪಗಟ್ಟಿದ ಬೆರಳು. ಒಂದು ಕಡೆ ತಾಗಬಾರದ ಜಾಗಕ್ಕೆ ತಾಗಿತು. ಸೊಯ್ಯೆಂದು ಒಂದು ಸದ್ದಾಯಿತು. ಮೂವರೂ ಪರದೆ ನೋಡಿದರು. ಹೋಗಿದ್ದದ್ದು ಅವರದೇ ಮುಖ.

“ಅಳಿಸು, ಅಳಿಸು,” ಅಂದರು ಹೆಂಡತಿ. ಅಷ್ಟರಲ್ಲಿ ಎರಡು ಗೆರೆ ನೀಲಿಯಾದವು. ಸಮುದ್ರದಾಚೆಯ ಎಂಜಿನಿಯರ್ ನೋಡಿಯಾಗಿತ್ತು.

ಮಗಳು ಆ ಮುಖಕ್ಕೆ ಆ ಊರಿನಲ್ಲಿ ಏನರ್ಥವೆಂದು ಕೇಳಲು ಗೆಳತಿಗೆ ಫೋನ್ ಹಚ್ಚಿದಳು. ಅದೊಂದು ಹೊಸ ಚಿತ್ರ, ಅರ್ಥ ಇನ್ನೂ ಗೊತ್ತಾಗಿಲ್ಲ ಎಂದು ಆ ಹುಡುಗಿ ಹೇಳಿದಳಂತೆ. ಹತ್ತು ನಿಮಿಷ ಕಳೆಯಿತು. ಇಪ್ಪತ್ತಾಯಿತು. ಹೆಂಡತಿ ಇಡೀ ಕಟ್ಟಡಕ್ಕೆ ಇನ್ನು ಮೆಟ್ಟಿಲೇ ಗತಿ ಎಂದು ತೀರ್ಮಾನಿಸಿಬಿಟ್ಟರು. ಆಗ ಫೋನ್ ನಡುಗಿತು.

ಬಂದದ್ದು ಒಂದು ಫೋಟೋ. ದೊಡ್ಡ ಕಾರ್ಖಾನೆಯ ನೆಲ, ನೆಲದ ಮಟ್ಟದಲ್ಲಿ ಎರಡು ಗೇಣು ತೆರೆದ ಲಿಫ್ಟಿನ ಬಾಗಿಲು, ಅದರ ಸಂದಿನಲ್ಲಿ ಒಂದು ತಲೆ. ಬೋಳು ತಲೆ, ಕನ್ನಡಕ, ಗದ್ದ ನೆಲಕ್ಕೆ ತಾಗಿದೆ. ಹಣೆಗೆ ಗ್ರೀಸನ್ನು ಬೇಕೆಂದೇ ಬಳಿದುಕೊಂಡ ಹಾಗಿತ್ತು. ಮುಖದಲ್ಲಿ ಅದೇ ವ್ಯಥೆ, ಅದೇ ‘ಗೊತ್ತಿತ್ತು’. ಎಂಜಿನಿಯರ್ ಸ್ವತಃ ಕಾರ್ಖಾನೆಯ ಪರೀಕ್ಷೆಯ ಲಿಫ್ಟಿಗೆ ಇಳಿದು, ಯಾರ ಕೈಯಲ್ಲೋ ಫೋಟೋ ತೆಗೆಸಿ ಕಳಿಸಿದ್ದರು. ಅದರ ಕೆಳಗೆ ಪಾರ್ಸೆಲ್ಲಿನ ನಂಬರು.

ಹೂಂ ಮಾಮ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಹೆಂಡತಿ ಇನ್ನೇನು ಬರುತ್ತದೋ ಎಂದು ಕಾದರು.

“ಬಾಗಿಲಿನ ರೋಲರ್ ಹೊಸದು,” ಅಂದರು ಹೂಂ ಮಾಮ.

ಪಾರ್ಸೆಲ್ ಹನ್ನೆರಡನೇ ದಿನ ಬಂತು. ಹೆಂಡತಿಯ ಕೌಂಟರಿಗೇ ಬಂದದ್ದರಿಂದ ಆಕೆ ನಿಯಮದಂತೆ ಗಂಡನ ಗುರುತಿನ ಚೀಟಿ ಕೇಳಿದರು. ಅವರು ತೋರಿಸಿದರು. ಚೀಟಿಯಲ್ಲಿನ ಮುಖ ನೋಡಿ ಸಾಲಿನಲ್ಲಿ ಹಿಂದೆ ನಿಂತಿದ್ದವರಲ್ಲಿ ಇಬ್ಬರು ಗುರುತು ಹಿಡಿದರು. ಹಲ್ಲುಚಕ್ರವನ್ನು ಎಣ್ಣೆಕಾಗದದಲ್ಲಿ ಸುತ್ತಿದ ರೀತಿ ನೋಡಿಯೇ ಹೂಂ ಮಾಮನಿಗೆ ಆ ಎಂಜಿನಿಯರ್ ಬಗ್ಗೆ ಗೌರವ ಬಂತಂತೆ. ಎರಡು ದಿನದಲ್ಲಿ ಚಕ್ರ ಕೂತಿತು, ಲಿಫ್ಟ್ ಓಡಿತು. ಹಲ್ಲಿನ ಡಾಕ್ಟರು ಮೊದಲ ದಿನ ಕಾರಣವಿಲ್ಲದೆ ನಾಲ್ಕು ಸಲ ಮೇಲೆ ಕೆಳಗೆ ಓಡಾಡಿದರು.

ರಿಸೆಪ್ಶನ್ ಹುಡುಗಿಗೆ ಮಾತ್ರ ಮನಸ್ಸಿನಲ್ಲಿ ಕೊರಗು ಉಳಿದಿತ್ತು. ಒಂದು ದಿನ ಆಕೆ ಲಿಫ್ಟಿನ ಮೋಟರ್ ಇರುವ, ಏಳನೇ ಮಹಡಿಯ ಮೆಷಿನ್ ರೂಮಿಗೇ ಬಂದು, “ಅಂಕಲ್, ನಗ್ತಿರೋದು ಒಂದು ತೆಗೀತೀನಿ. ಇದನ್ನೇ ಎಲ್ಲರಿಗೂ ಕಳಿಸ್ತೀನಿ, ಅದು ಮರೆತುಹೋಗುತ್ತೆ,” ಎಂದಳು. ಹೂಂ ಮಾಮ ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆವು. ಮರುದಿನ ಅವರು ಕ್ಷೌರ ಮಾಡಿಸಿಕೊಂಡು, ಮೀಸೆ ಕತ್ತರಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ನಲವತ್ತೊಂದು ಫೋಟೋ ತೆಗೆದಳು. ನಲವತ್ತರಲ್ಲಿ ಅವರು ಹಲ್ಲು ತೋರಿಸಲು ಬಂದ ರೋಗಿಯ ಹಾಗೆ ಕಂಡರು. ಉಳಿದ ಒಂದು ಪರವಾಗಿಲ್ಲ ಎನ್ನುವಂತಿತ್ತು, ಅದೇ ಸ್ಟಿಕರ್ ಆಯಿತು.

ಆ ನಗುವಿನ ಸ್ಟಿಕರನ್ನು ಯಾರೂ ಬಳಸಲಿಲ್ಲ. ನಾನು ಮುಲಾಜಿಗೆ ಒಂದು ಸಲ ಹಾಕಿದೆ, ಇದ್ಯಾರು ಎಂದು ಮಾಲೀಕರು ಕೇಳಿದರು. ಹೆಂಡತಿ ಎರಡು ದಿನ ಹಾಕಿ ಸುಮ್ಮನಾದರು. ಒಂದು ವಾರದಲ್ಲಿ ಅದು ಕಾಣೆಯಾಯಿತು. ಹಳೆಯದು ಮಾತ್ರ ದಿನದಿನಕ್ಕೂ ಹೆಚ್ಚುತ್ತಲೇ ಇತ್ತು. ಹೂಂ ಮಾಮನಿಗೆ ಇದರಿಂದ ಸ್ವಲ್ಪ ಬೇಜಾರಾಯಿತು ಅಂತ ನನಗೆ ಗೊತ್ತು. ಲಿಫ್ಟಿನಲ್ಲಿ ನಾವಿಬ್ಬರೇ ಇದ್ದಾಗ, “ಅದು ಅಷ್ಟು ಕೆಟ್ಟದಾಗಿದೆಯಾ?” ಎಂದು ಕೇಳಿದರು. ಇಲ್ಲ, ಚೆನ್ನಾಗಿಯೇ ಇದೆ, ನಿಮ್ಮ ಥರ ಇಲ್ಲ ಅಷ್ಟೇ ಎಂದೆ. ಹೂಂ ಅಂದರು.

ಅದೇ ವಾರ ಅವರು ಸ್ವಂತ ಧೈರ್ಯದಿಂದ ಆ ನಗುವಿನ ಮುಖವನ್ನು ಎಂಜಿನಿಯರಿಗೆ ಕಳಿಸಿದರು, ಲಿಫ್ಟ್ ಚೆನ್ನಾಗಿ ಓಡುತ್ತಿದೆ ಎಂದು ತಿಳಿಸಲು. ಅರ್ಧ ಗಂಟೆಯೊಳಗೆ ಆ ಕಡೆಯಿಂದ ಹಲ್ಲುಚಕ್ರದ ಫೋಟೋ ಬಂತು, ಪಕ್ಕದಲ್ಲಿ ಮೂರು ಪ್ರಶ್ನೆಚಿಹ್ನೆ. ಮತ್ತೆ ಸುತ್ತಿಗೆಯ ಚಿತ್ರ, ಅದಕ್ಕೂ ಪ್ರಶ್ನೆಚಿಹ್ನೆ. ಮಗಳ ಗೆಳತಿ ನೋಡಿ ಬಿಡಿಸಿ ಹೇಳಿದಳು. ಅಲ್ಲಿಯ ಹಿರಿಯರು ಕೆಲಸದ ಮಾತಿನ ನಡುವೆ ಹಾಗೆ ಹಲ್ಲು ತೋರಿಸಿ ನಗುವುದು ಏನೋ ಎಡವಟ್ಟಾಗಿ ಅದನ್ನು ಮುಚ್ಚಿಡುವಾಗಲಂತೆ. ಚಕ್ರ ಮುರಿಯಿತೇ ಎಂದು ಅವರು ಗಾಬರಿಯಾಗಿದ್ದರು.

ಅವತ್ತು ಮಧ್ಯಾಹ್ನ ನಾನು ಒಂದು ಕರಡಿಗೆ ಸಹಿ ಹಾಕಿಸಲು ಏಳನೇ ಮಹಡಿಗೆ ಹೋಗಿದ್ದೆ. ಮೆಷಿನ್ ರೂಮಿನ ಬಾಗಿಲು ತೆರೆದಿತ್ತು. ಒಳಗೆ ಹೂಂ ಮಾಮ ಮೋಟರಿನ ಪಕ್ಕ ಮಂಡಿಯೂರಿ ಕೂತಿದ್ದರು. ಕೈಯಲ್ಲಿದ್ದ ಫೋನಿನಲ್ಲಿ ಕರೆ ನಡೆಯುತ್ತಿತ್ತು, ಆದರೆ ಅದು ಅವರ ಕಿವಿಯ ಹತ್ತಿರ ಇರಲಿಲ್ಲ. ತಿರುಗುತ್ತಿದ್ದ ಹಲ್ಲುಚಕ್ರದ ಪೆಟ್ಟಿಗೆಗೆ ಒಂದು ಗೇಣು ದೂರದಲ್ಲಿ ಹಿಡಿದಿದ್ದರು. ಯಾರೋ ಕೆಳಗೆ ಗುಂಡಿ ಒತ್ತಿದರು. ಮೋಟರ್ ಗುಂಯ್ ಎಂದು ಎದ್ದಿತು, ಒಂದೇ ಹದದಲ್ಲಿ ಓಡಿತು, ಕಟಕ್ಕೆಂದು ಬ್ರೇಕ್ ಕೂತು ನಿಂತಿತು. ಅವರು ಫೋನನ್ನು ಕಿವಿಗಿಟ್ಟುಕೊಂಡರು.

ಆ ಕಡೆಯಿಂದ ಹಿರಿಯ ಎಂಜಿನಿಯರ್ ತಮ್ಮ ಭಾಷೆಯಲ್ಲಿ ಏನೋ ಒಂದು ಚಿಕ್ಕ ಮಾತು ಹೇಳಿದ್ದು ನನಗೂ ಕೇಳಿಸಿತು.

“ಹೂಂ,” ಅಂದರು ಹೂಂ ಮಾಮ, ಮತ್ತು ಇನ್ನೊಮ್ಮೆ ಮೋಟರ್ ಏಳುವುದನ್ನೇ ಕಾಯುತ್ತಾ ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದರು.